ಕೆಳ ಎಂಗಡೀನ್ ನೋಡುವ ಬಗೆ: ಆಲ್ಪ್ಸ್ ಹಳ್ಳಿಗಾಡಿಗೆ ಹೊರಟವರಿಗೆ ಮಾರ್ಗದರ್ಶಿ

“ಸ್ವಿಟ್ಜರ್ಲೆಂಡಿಗೆ ಹೋಗ್ತಿದ್ದೇವೆ. ಟಿಟ್ಲಿಸ್, ಯುಂಗ್‌ಫ್ರಾವ್ ಎಲ್ಲರೂ ನೋಡ್ತಾರೆ. ಅಲ್ಲಿನ ಜನ ಬದುಕುವ ಹಳ್ಳಿ ನೋಡಬೇಕು, ಎಲ್ಲಿಗೆ ಹೋಗೋಣ?” ರಜೆ ಹತ್ತಿರ ಬಂದಾಗಲೆಲ್ಲ ಓದುಗರಿಂದ ಬರುವ ಪ್ರಶ್ನೆ ಇದು. ನನ್ನ ಉತ್ತರ ಪ್ರತಿ ಸಲವೂ ಒಂದೇ: ಕೆಳ ಎಂಗಡೀನ್ ಕಣಿವೆಗೆ ಹೋಗಿ, ಒಂದೇ ಊರಲ್ಲಿ ಕನಿಷ್ಠ ನಾಲ್ಕು ರಾತ್ರಿ ಉಳಿಯಿರಿ. ಜ್ಯೂರಿಕ್‌ನಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸಾಗುವ ಲೆಕ್ಕ ಹಾಕಿದ್ದರೆ ಈ ಕಣಿವೆಯನ್ನು ಪಟ್ಟಿಯಿಂದ ತೆಗೆದುಬಿಡಿ. ಇಲ್ಲಿ ಟಿಕೆಟ್ ಕೊಂಡು ನೋಡಿ ಬರುವ ಒಂದೇ ಒಂದು ಜಾಗ ಅಂತಿಲ್ಲ. ಮನೆ, ಹುಲ್ಲುಗಾವಲು, ಭಾಷೆ, ನೀರು ಎಲ್ಲವೂ ಒಂದಕ್ಕೊಂದು ಹೆಣೆದುಕೊಂಡಿವೆ. ಅದು ಕಣ್ಣಿಗೆ ಕಾಣಲು ಒಂದೆರಡು ದಿನವಾದರೂ ಬೇಕು.

1. ಮೊದಲು ನಕ್ಷೆ ಬಿಡಿಸಿ

ಎಂಗಡೀನ್ ಇರುವುದು ಸ್ವಿಟ್ಜರ್ಲೆಂಡಿನ ಪೂರ್ವ ಅಂಚಿನಲ್ಲಿ, ಗ್ರೌಬ್ಯುಂಡೆನ್ ಎಂಬ ಕ್ಯಾಂಟನ್ನಿನಲ್ಲಿ. ಕ್ಯಾಂಟನ್ ಎಂದರೆ ತನ್ನದೇ ಶಾಸನಸಭೆ, ಸರ್ಕಾರ ಇರುವ ಪ್ರಾಂತ್ಯ. ಮಲೋಯಾ ಘಾಟಿಯ ಮೇಲಿನ ಲುಂಘಿನ್ ಸರೋವರದಲ್ಲಿ ಹುಟ್ಟುವ ಇನ್ ನದಿ ಈ ಕಣಿವೆಯುದ್ದಕ್ಕೂ ಈಶಾನ್ಯಕ್ಕೆ ಹರಿದು, ಮಾರ್ಟೀನಾ ಎಂಬಲ್ಲಿ ಆಸ್ಟ್ರಿಯಾ ಸೇರುತ್ತದೆ. ಮುಂದೆ ಡಾನ್ಯೂಬ್ ನದಿಗೆ ಕೂಡಿ ಕಪ್ಪು ಸಮುದ್ರ ಮುಟ್ಟುತ್ತದೆ. ಸೇಂಟ್ ಮೊರಿಟ್ಸ್ ಇರುವುದು ಮೇಲಿನ ಎಂಗಡೀನ್‌ನಲ್ಲಿ. ಅಗಲವಾದ ಬಯಲು, ಸರೋವರಗಳು, ದುಬಾರಿ ಹೋಟೆಲುಗಳು ಎಲ್ಲ ಅಲ್ಲೇ. ತ್ಸೆರ್ನೆಟ್ಸ್ ಊರಿನಿಂದ ಕೆಳಗೆ ಕಣಿವೆ ಕಿರಿದಾಗಿ ಆಳವಾಗುತ್ತದೆ. ನಾನು ಹೇಳುತ್ತಿರುವುದು ಆ ಭಾಗದ ಬಗ್ಗೆ.

ನಕ್ಷೆಯಲ್ಲಿ ನದಿಯ ಎರಡು ದಂಡೆಗಳನ್ನೂ ಹೋಲಿಸಿ ನೋಡಿ. ಎಡದಂಡೆಯ ಇಳಿಜಾರು ದಕ್ಷಿಣದ ಬಿಸಿಲಿಗೆ ಮುಖ ಮಾಡಿದೆ. ಗ್ವಾರ್ಡಾ, ಆರ್ಡೆಟ್ಸ್, ಫ್ತಾನ್, ಸೆಂಟ್ ಊರುಗಳೆಲ್ಲ ನದಿಗಿಂತ ಎಷ್ಟೋ ಮೇಲೆ, ಅದೇ ಬದಿಯ ಹಾಸುಗಳ ಮೇಲೆ ಕೂತಿವೆ. ಬಲದಂಡೆ ನೆರಳಿನ ಕಡೆ. ಅಲ್ಲಿ ದಟ್ಟ ಕಾಡು, ಕಡಿದಾದ ಬಂಡೆ. ತರಾಸ್ಪ್ ಬಿಟ್ಟರೆ ಹೇಳಿಕೊಳ್ಳುವಂಥ ಊರು ಕಡಿಮೆ. ಸುತ್ತಲಿನ ಶಿಖರಗಳು ಮೋಡಗಳನ್ನು ತಡೆಯುವುದರಿಂದ ಮಳೆ ಕಡಿಮೆ, ಬಿಸಿಲು ಜಾಸ್ತಿ. ಹಾಗಾಗಿಯೇ ಇಷ್ಟು ಎತ್ತರದಲ್ಲೂ ಹಿಂದೆ ಬಾರ್ಲಿ, ರೈ ಧಾನ್ಯ ಬೆಳೆಯುತ್ತಿದ್ದರು. ಊರಿನ ಮೇಲಿನ ಇಳಿಜಾರಿನಲ್ಲಿ ಈಗ ಹುಲ್ಲು ಹೊದ್ದ ಮೆಟ್ಟಿಲುಗಳಂಥ ಏಣುಗಳು ಕಾಣುತ್ತವಲ್ಲ, ಅವು ಆ ಕಾಲದ ಹೊಲಗಳು.

2. ಕಾಲ ಆರಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ನಮ್ಮ ಮಕ್ಕಳಿಗೆ ರಜೆ ಇರುವ ಏಪ್ರಿಲ್, ಮೇ ತಿಂಗಳು ಈ ಕಣಿವೆಗೆ ಒಳ್ಳೆಯ ಕಾಲವಲ್ಲ. ಚಳಿಗಾಲದ ಹಂಗಾಮು ಮುಗಿದು ಬೇಸಿಗೆಯದು ಶುರುವಾಗದ ನಡುಗಾಲ ಅದು. ಕೆಳಗೆ ಹಿಮ ಕರಗಿ ಕೆಸರು, ಮೇಲಿನ ದಾರಿಗಳಲ್ಲಿ ಇನ್ನೂ ಹಿಮ. ಎಷ್ಟೋ ವಸತಿಗೃಹಗಳು, ಕೇಬಲ್ ಕಾರುಗಳು ಮುಚ್ಚಿರುತ್ತವೆ. ನವೆಂಬರ್ ಕತೆಯೂ ಹಾಗೆಯೇ.

ಜೂನ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ನಡೆದಾಡಲು ಹೇಳಿ ಮಾಡಿಸಿದ ಕಾಲ. ಹೂ ನೋಡಬೇಕಾದರೆ ಹುಲ್ಲು ಕೊಯ್ಲಿಗೆ ಮುಂಚೆ, ಜೂನ್ ಕೊನೆ ಅಥವಾ ಜುಲೈ ಮೊದಲಲ್ಲಿ ಬನ್ನಿ. ಲಾರ್ಚ್ ಎಂಬುದು ಎಲೆ ಉದುರಿಸುವ ಸೂಚಿಪರ್ಣಿ ಮರ. ಅಕ್ಟೋಬರಿನಲ್ಲಿ ಆ ಕಾಡು ಇಡೀ ಹೊಂಬಣ್ಣಕ್ಕೆ ತಿರುಗುತ್ತದೆ. ನನ್ನ ಆಯ್ಕೆ ಕೇಳಿದರೆ ದಸರಾ ರಜೆ ಅನ್ನುತ್ತೇನೆ.

ಹಬ್ಬ ನೋಡಬೇಕೆನ್ನುವವರಿಗೆ ಎರಡು ದಿನಗಳಿವೆ. ಮಾರ್ಚ್ 1ರಂದು ‘ಚಲಂದಮಾರ್ತ್ಸ್’: ಶಾಲೆಯ ಮಕ್ಕಳು ದನಗಳ ಗಂಟೆಗಳನ್ನು ಮೈಗೆ ಕಟ್ಟಿಕೊಂಡು ಮನೆಮನೆಗೆ, ಊರಿನ ನೀರಿನ ತೊಟ್ಟಿಗಳ ಸುತ್ತ ಸುತ್ತುತ್ತ, ಹಾಡುತ್ತ ಚಳಿಗಾಲವನ್ನು ಓಡಿಸುತ್ತಾರೆ. ಫೆಬ್ರವರಿಯ ಮೊದಲ ಶನಿವಾರ ಶ್ಕುವೋಲ್ ಊರಲ್ಲಿ ‘ಹೋಮ್ ಸ್ಟ್ರೋಮ್’. ಒಣಹುಲ್ಲಿನ ಎತ್ತರದ ಬೊಂಬೆ ಕಟ್ಟಿ, ಕತ್ತಲಾದ ಮೇಲೆ ಸುಡುತ್ತಾರೆ. ಊರಿನವರು ತಮಗಾಗಿ ಮಾಡಿಕೊಳ್ಳುವ ಹಬ್ಬಗಳು ಇವೆರಡೂ. ಮೆರವಣಿಗೆಯ ನಡುವೆ ನುಗ್ಗಿ ಫೋಟೋ ತೆಗೆಯಬೇಡಿ, ಬದಿಯಲ್ಲಿ ನಿಂತು ನೋಡಿ.

3. ವೀಸಾ ಮತ್ತು ದಾರಿ

ಬೇಕಿರುವುದು ಶೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವಂಥದ್ದು. ಪ್ರವಾಸದ ಹೆಚ್ಚಿನ ರಾತ್ರಿ ಸ್ವಿಟ್ಜರ್ಲೆಂಡಿನಲ್ಲಿ ಕಳೆಯುವುದಾದರೆ ಆ ದೇಶಕ್ಕೇ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ವೀಸಾ ಅರ್ಜಿ ತೆಗೆದುಕೊಳ್ಳುವ ವಿಎಫ್‌ಎಸ್ ಕೇಂದ್ರದಲ್ಲಿ ಕೊಡಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಹೊರಡುವ ಆರು ತಿಂಗಳ ಮುಂಚಿನಿಂದಲೇ ಅರ್ಜಿ ತೆಗೆದುಕೊಳ್ಳುತ್ತಾರೆ, ಕೊನೆಯ ಗಳಿಗೆಗೆ ಇಟ್ಟುಕೊಳ್ಳಬೇಡಿ.

ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್‌ವರೆಗೆ ದೊಡ್ಡ ರೈಲು. ಅಲ್ಲಿಂದ ರೇಟಿಯನ್ ರೈಲ್ವೆಯ ಕೆಂಪು ಬಣ್ಣದ ಮೀಟರ್ ಗೇಜ್ ಗಾಡಿ. ಅದು 1999ರಲ್ಲಿ ತೆರೆದ, 19 ಕಿಲೋಮೀಟರ್ ಉದ್ದದ ವೆರೈನಾ ಸುರಂಗದ ಮೂಲಕ ನಿಮ್ಮನ್ನು ನೇರ ಕಣಿವೆಯೊಳಕ್ಕೆ ತಂದುಬಿಡುತ್ತದೆ. ಒಟ್ಟು ಎರಡೂವರೆಯಿಂದ ಮೂರು ತಾಸು. ಸ್ವಿಸ್ ಟ್ರಾವೆಲ್ ಪಾಸ್ ಈ ಕೆಂಪು ರೈಲಿಗೂ ಹಳದಿ ಬಣ್ಣದ ಪೋಸ್ಟ್‌ಬಸ್ಸಿಗೂ ನಡೆಯುತ್ತದೆ. ಆದರೆ ಒಂದೇ ಕಡೆ ಉಳಿಯುವವರಿಗೆ ಅರ್ಧ ದರದ ಕಾರ್ಡ್ (ಹಾಫ್ ಫೇರ್ ಕಾರ್ಡ್) ಅಗ್ಗವಾಗುವುದೇ ಹೆಚ್ಚು. ಎರಡನ್ನೂ ಲೆಕ್ಕ ಹಾಕಿ ನೋಡಿ ಕೊಳ್ಳಿ. ವಸತಿ ಕಾದಿರಿಸುವಾಗ “ಅತಿಥಿ ಕಾರ್ಡಿನಲ್ಲಿ ಸ್ಥಳೀಯ ಬಸ್ ಸೇರಿದೆಯೇ?” ಎಂದೂ ಕೇಳಿಬಿಡಿ.

ರೈಲಿನಲ್ಲಿ ಎರಡು ಕಡೆ ಎಚ್ಚರ ಬೇಕು. ಸುರಂಗ ದಾಟಿದ ಕೂಡಲೇ ಬರುವ ಸಲ್ಯಾಯಿನ್ಸ್ ನಿಲ್ದಾಣ ಗಾಡಿ ಬದಲಿಸಲಿಕ್ಕೆ ಮಾತ್ರ. ಅಲ್ಲಿಂದ ಹೊರಗೆ ಹೋಗಲು ದಾರಿಯೇ ಇಲ್ಲ. ಇಳಿದರೆ ಮುಂದಿನ ರೈಲಿಗೆ ಕಾಯಬೇಕು, ಅಷ್ಟೇ. ಇನ್ನೊಂದು, ಕೆಲವು ಸಣ್ಣ ನಿಲ್ದಾಣಗಳಲ್ಲಿ ನೀವು ಗುಂಡಿ ಒತ್ತದಿದ್ದರೆ ಗಾಡಿ ನಿಲ್ಲುವುದಿಲ್ಲ. ಬೋಗಿಯ ಬಾಗಿಲ ಬಳಿ ಆ ಗುಂಡಿ ಇರುತ್ತದೆ, ಹಿಂದಿನ ನಿಲ್ದಾಣ ಬಿಟ್ಟ ಕೂಡಲೇ ಒತ್ತಿ.

ಬಾಡಿಗೆ ಕಾರು ತರುವವರಿಗೆ ಒಂದು ಮಾತು: ವೆರೈನಾ ಸುರಂಗದಲ್ಲಿ ರಸ್ತೆ ಇಲ್ಲ, ಕಾರನ್ನು ರೈಲಿನ ಮೇಲೇರಿಸಿ ದಾಟಿಸುತ್ತಾರೆ. ಇನ್ನೊಂದು ದಾರಿಯಾದ 2,383 ಮೀಟರ್ ಎತ್ತರದ ಫ್ಲೂಯೆಲಾ ಘಾಟಿ ಚಳಿಗಾಲದಲ್ಲಿ ಮುಚ್ಚಿರುತ್ತದೆ.

4. ಒಂದು ಊರನ್ನು ನೆಲೆ ಮಾಡಿಕೊಳ್ಳಿ

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಶ್ಕುವೋಲ್. ರೈಲಿನ ಕೊನೆಯ ನಿಲ್ದಾಣ, ಅಂಗಡಿ, ಆಸ್ಪತ್ರೆ, ಎಲ್ಲ ಕಡೆಗೂ ಬಸ್ ಇದೆ. ಹಳೇ ಊರು ನದಿಯ ಕಡೆ ಇಳಿಜಾರಿನಲ್ಲಿದೆ. ಮುಖ್ಯರಸ್ತೆಯ ಅಂಗಡಿ ಸಾಲು ನೋಡಿ “ಇದು ಪೇಟೆಯಾಯಿತಲ್ಲ” ಎಂದು ನಿರಾಶರಾಗಬೇಡಿ, ಎರಡು ಓಣಿ ಕೆಳಗಿಳಿಯಿರಿ. ಅಲ್ಲಿನ ಕೆಲವು ತೊಟ್ಟಿಗಳಲ್ಲಿ ಎರಡು ನಳಿಗೆ. ಒಂದರಲ್ಲಿ ಮಾಮೂಲಿ ಕುಡಿಯುವ ನೀರು, ಇನ್ನೊಂದರಲ್ಲಿ ಕಬ್ಬಿಣದ ರುಚಿಯ, ಸಣ್ಣಗೆ ಚುರುಗುಟ್ಟುವ ಖನಿಜ ಜಲ. ನಳಿಗೆಯ ಕೆಳಗಿನ ಕಲ್ಲಿಗೆ ತುಕ್ಕಿನ ಬಣ್ಣ ಹಿಡಿದಿರುವುದು ನೋಡಿದರೆ ಯಾವುದು ಯಾವುದೆಂದು ಗೊತ್ತಾಗುತ್ತದೆ. ಸಮುದ್ರದ ತಳದಲ್ಲಿ ಶೇಖರವಾಗಿದ್ದ ಪದರುಗಲ್ಲು ಇಲ್ಲಿ ಮೇಲಿನ ಬಂಡೆಯ ಹೊದಿಕೆ ಸವೆದು ಹೊರಗೆ ಕಾಣುತ್ತದೆ. ಭೂವಿಜ್ಞಾನಿಗಳು ಇದನ್ನು ‘ಎಂಗಡೀನ್ ಕಿಟಕಿ’ ಅನ್ನುತ್ತಾರೆ. ಖನಿಜ ನೀರಿನ ಒರತೆಗಳು ಆ ಕಲ್ಲಿನಿಂದಲೇ ಮೇಲೆ ಬರುತ್ತವೆ.

ನಡೆಯಲು ಗಟ್ಟಿಗರಾಗಿದ್ದರೆ, ಸಂಜೆ ಏಳಕ್ಕೆ ಊರು ಸದ್ದಡಗುವುದು ಬೇಸರ ತರದಿದ್ದರೆ, 1,653 ಮೀಟರ್ ಎತ್ತರದ ಗ್ವಾರ್ಡಾ ಆರಿಸಿ. ರೈಲು ನಿಲ್ದಾಣ ಊರಿಗಿಂತ ಇನ್ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಸಣ್ಣ ಬಸ್ಸು ಮೇಲೆ ಒಯ್ಯುತ್ತದೆ. ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದನ್ನು ಸ್ವಿಸ್ ರೈಲ್ವೆಯ ‘ಎಸ್‌ಬಿಬಿ ಮೊಬೈಲ್’ ಆ್ಯಪಿನಲ್ಲಿ ಮೊದಲೇ ನೋಡಿಕೊಳ್ಳದಿದ್ದರೆ ಸೂಟ್‌ಕೇಸ್ ಹೊತ್ತು ಹತ್ತಬೇಕಾಗುತ್ತದೆ.

5. ಮನೆಗಳನ್ನು ಓದಲು ಕಲಿಯಿರಿ

ಇದಕ್ಕೆ ಒಂದು ಇಡೀ ಮುಂಜಾವು ಇಡಿ. ಕಣಿವೆಯ ಚರಿತ್ರೆ ಗೋಡೆಗಳ ಮೇಲೇ ಇದೆ.

ಒಂದು ದೊಡ್ಡ ಮನೆಯ ಎದುರು ನಿಲ್ಲಿ. ಬೀದಿಗೆ ಎರಡು ಬಾಗಿಲು ಕಾಣುತ್ತವೆ. ಮೇಲಿನ ದೊಡ್ಡ ಕಮಾನು ಬಾಗಿಲು ‘ಸುಲೇರ್’ ಎಂಬ ವಿಶಾಲ ಪಡಸಾಲೆಗೆ ತೆರೆಯುತ್ತದೆ. ಹುಲ್ಲು ತುಂಬಿದ ಗಾಡಿ ಈ ಪಡಸಾಲೆಯ ಮೂಲಕವೇ ಸಾಗಿ ಹಿಂದಿನ ಹುಲ್ಲಿನ ಕಣಜಕ್ಕೆ ಹೋಗುತ್ತಿತ್ತು. ಬಾಗಿಲು ಅಷ್ಟು ಅಗಲ ಇರುವುದಕ್ಕೆ ಕಾರಣ ಗಾಡಿಯೇ. ಕೆಳಗಿನ ಚಿಕ್ಕ ಬಾಗಿಲು ‘ಕ್ವೋರ್ಟ್’ ಎಂಬ ಕೆಳಅಂಗಳದ್ದು, ದನ ಕೊಟ್ಟಿಗೆಗೆ ಹೋಗುವ ದಾರಿ. ಮಲೆನಾಡಿನ ಹಳೇ ಮನೆ ನೋಡಿದವರಿಗೆ ಜನ, ದನ, ಹುಲ್ಲು ಮೂರೂ ಒಂದೇ ಮಾಡಿನಡಿ ಇರುವುದು ಹೊಸತೆನಿಸದು. ಇಲ್ಲಿ ತಡೆಯಬೇಕಾದ್ದು ಮಳೆಯಲ್ಲ, ತಿಂಗಳುಗಟ್ಟಲೆಯ ಹಿಮ.

ಪಡಸಾಲೆಯ ಪಕ್ಕದಲ್ಲಿ ‘ಷ್ಟ್ಯೂವಾ’, ಮನೆಯ ಬೆಚ್ಚನೆಯ ಕೋಣೆ. ಗೋಡೆ, ಸೂರು ಎಲ್ಲಕ್ಕೂ ಆರ್ವೆ ಎಂಬ, ಎತ್ತರದ ಬೆಟ್ಟಗಳಲ್ಲಿ ಬೆಳೆಯುವ ಪೈನ್ ಮರದ ಹಲಗೆ. ಎಷ್ಟೋ ವರ್ಷ ಅದರ ರಾಳದ ಪರಿಮಳ ಹೋಗುವುದಿಲ್ಲ. ಕಟ್ಟಿದ ಒಲೆಗೆ ಬೆಂಕಿ ಹಾಕುವುದು ಪಕ್ಕದ ಅಡುಗೆಮನೆಯಿಂದ, ಹಾಗಾಗಿ ಕೋಣೆಯಲ್ಲಿ ಹೊಗೆ ಇಲ್ಲ. ಸೂರಿನಲ್ಲಿ ಒಂದು ಸಣ್ಣ ಮುಚ್ಚಳದ ಕಂಡಿ; ಅದನ್ನು ತೆರೆದರೆ ಕೆಳಗಿನ ಶಾಖ ಮೇಲಿನ ಮಲಗುವ ಕೋಣೆಗೆ ಏರುತ್ತದೆ. ಕಿಟಕಿಗಳು ಚಿಕ್ಕವು, ದಪ್ಪ ಗೋಡೆಯಲ್ಲಿ ಹೊರಗಡೆಗೆ ಅಗಲಾಗುತ್ತ ಹೋಗುತ್ತವೆ. ಶಾಖ ಉಳಿಯಬೇಕು, ಬೆಳಕೂ ಬರಬೇಕು, ಅದಕ್ಕೆ ಈ ಉಪಾಯ.

ಇನ್ನು ಗೋಡೆಯ ಚಿತ್ತಾರ. ಇದಕ್ಕೆ ‘ಸ್ಗ್ರಫೀತೋ’ ಎಂದು ಹೆಸರು, ಇಟಲಿಯಿಂದ ಬಂದ ಕಲೆ. ಸುಣ್ಣ, ಮರಳಿನ ಬೂದುಬಣ್ಣದ ಗಾರೆ ಮೆತ್ತಿ, ಅದು ಹಸಿಯಾಗಿರುವಾಗಲೇ ಮೇಲೆ ಬಿಳಿ ಸುಣ್ಣ ಬಳಿಯುತ್ತಾರೆ. ಆಮೇಲೆ ಕಬ್ಬಿಣದ ಮೊನೆಯಿಂದ ಬಿಳಿಯನ್ನು ಕೆರೆದರೆ ಒಳಗಿನ ಬೂದು ಹೊರಬಂದು ಚಿತ್ರವಾಗುತ್ತದೆ. ಬಣ್ಣ ಬಳಿದದ್ದಲ್ಲವಾದ್ದರಿಂದ ಮಾಸಿ ಹೋಗುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಗೆರೆಯ ಅಂಚಿನಲ್ಲಿ ಮರಳಿನ ಕಣ ಕಾಣುತ್ತವೆ. ಕೈವಾರದಲ್ಲಿ ಬರೆದ ಹೂಚಕ್ರ, ಅಲೆಯ ಪಟ್ಟಿ, ಸಮುದ್ರವೇ ಇಲ್ಲದ ಈ ಬೆಟ್ಟಗಳ ನಡುವೆ ಮೀನು ಮತ್ತು ಕಡಲಕನ್ಯೆ! ನೋಡಿ, ಆದರೆ ಬೆರಳಿಂದ ಮುಟ್ಟಬೇಡಿ.

ಬಾಗಿಲ ಮೇಲಿನ ಇಸವಿಗಳನ್ನು ಗಮನಿಸುತ್ತ ಹೋಗಿ. ಬಹುಪಾಲು 1622ರಿಂದ ಈಚಿನವು. ಯುರೋಪಿನ ಮೂವತ್ತು ವರ್ಷಗಳ ಯುದ್ಧದ ಹೊತ್ತಿನಲ್ಲಿ, 1621–22ರಲ್ಲಿ, ಬಾಲ್ಡಿರೋನ್ ಸೇನಾಪತಿಯ ಆಸ್ಟ್ರಿಯನ್ ಪಡೆ ಈ ಊರುಗಳನ್ನು ಸುಟ್ಟುಹಾಕಿತು. ಈಗ ಕಾಣುವುದು ಆ ಬೂದಿಯ ಮೇಲೆ ಕಟ್ಟಿದ ಊರು. 1652ರಲ್ಲಿ ಕೆಳ ಎಂಗಡೀನಿನವರು ಆಸ್ಟ್ರಿಯಾಕ್ಕೆ ಹಣ ಕೊಟ್ಟು ಅದರ ಹಕ್ಕುಗಳಿಂದ ಬಿಡಿಸಿಕೊಂಡರು. ತರಾಸ್ಪ್ ಮಾತ್ರ 1803ರವರೆಗೆ ಆಸ್ಟ್ರಿಯಾದ್ದಾಗಿಯೇ ಉಳಿಯಿತು. ಸುತ್ತಲಿನ ಊರುಗಳೆಲ್ಲ ಪ್ರೊಟೆಸ್ಟೆಂಟ್ ಆಗಿದ್ದರೂ ತರಾಸ್ಪ್ ಕ್ಯಾಥೊಲಿಕ್ ಆಗಿ ಉಳಿದದ್ದು ಹೀಗೆ. ಅಲ್ಲಿನ ಗುಡ್ಡದ ಕೋಟೆ ಪಾಳುಬಿದ್ದಿದ್ದಾಗ 1900ರಲ್ಲಿ ಅದನ್ನು ಕೊಂಡು ದುರಸ್ತಿ ಮಾಡಿಸಿದವರು ಕಾರ್ಲ್ ಆಗಸ್ಟ್ ಲಿಂಗ್ನರ್, ಜರ್ಮನಿಯ ಬಾಯಿ ಮುಕ್ಕಳಿಸುವ ‘ಓಡೋಲ್’ ದ್ರಾವಣದ ಉದ್ಯಮಿ. 2016ರಿಂದ ಅದು ಕಲಾವಿದ ನೋಟ್ ವಿಟಾಲ್ ಅವರ ಒಡೆತನದಲ್ಲಿದೆ.

ಸೆಂಟ್ ಊರಿನಲ್ಲಿ ಕೆಲವು ಮನೆಗಳು ಅರಮನೆಯಂತಿವೆ. ಹೊಲ ಸಣ್ಣದು, ಮಕ್ಕಳು ಹೆಚ್ಚು. ಹಾಗಾಗಿ ಇಲ್ಲಿನ ಗಂಡಸರು ತಲೆಮಾರುಗಟ್ಟಲೆ ಹೊರನಾಡಿಗೆ ಹೋಗಿ ಮಿಠಾಯಿ ಅಂಗಡಿ, ಕಾಫಿ ಅಂಗಡಿ ಇಟ್ಟರು. ವೆನಿಸ್‌ನಲ್ಲಿ ಅವರದೇ ದೊಡ್ಡ ಸಮುದಾಯವಿತ್ತು. 1766ರಲ್ಲಿ ವೆನಿಸ್ ಸರ್ಕಾರ ಗ್ರೌಬ್ಯುಂಡೆನ್ ಜೊತೆಗಿನ ಒಪ್ಪಂದ ಮುರಿದು ಅವರನ್ನು ಹೊರಹಾಕಿದ ಮೇಲೆ ಯುರೋಪಿನ ಬೇರೆ ನಗರಗಳಿಗೆ ಚದುರಿದರು. ಬೇಸಿಗೆಯಲ್ಲಿ ಊರಿಗೆ ಬಂದು ಹೋಗುವ ಈ ವಲಸಿಗರನ್ನು ಊರವರು ‘ರಂದುಲಿನ್ಸ್’, ಅಂದರೆ ಅಂಬರಗುಬ್ಬಿಗಳು (ಸ್ವಾಲೋ ಹಕ್ಕಿಗಳು), ಎಂದು ಕರೆದರು. ಆ ದೊಡ್ಡ ಮನೆಗಳು ಅವರ ಗಳಿಕೆಯವು.

ಗ್ವಾರ್ಡಾ ಇಷ್ಟು ಅಚ್ಚುಕಟ್ಟಾಗಿ ಉಳಿದಿರುವುದು ತನ್ನಷ್ಟಕ್ಕೆ ಆದದ್ದಲ್ಲ. 1939ರಿಂದ 1945ರವರೆಗೆ ವಾಸ್ತುಶಿಲ್ಪಿ ಯಾಹೆನ್ ಉಲ್ರಿಖ್ ಕ್ಯೋಂಟ್ಸ್ ಅವರ ನೇತೃತ್ವದಲ್ಲಿ ಮನೆಗಳನ್ನು ಜೀರ್ಣೋದ್ಧಾರ ಮಾಡಿದರು. 1975ರಲ್ಲಿ ಊರಿಗೆ ಪರಂಪರೆ ಸಂರಕ್ಷಣೆಯ ವಾಕರ್ ಪ್ರಶಸ್ತಿ ಬಂತು. ಇಂದಿಗೂ ಇವು ಜನ ಬಾಳುವ ಮನೆಗಳು. ಕಿಟಕಿಯೊಳಗೆ ಇಣುಕುವುದು, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ರೀಲ್ಸ್ ಮಾಡುವುದು ದಯವಿಟ್ಟು ಬೇಡ.

6. ಗ್ವಾರ್ಡಾದಿಂದ ಆರ್ಡೆಟ್ಸ್‌ಗೆ ನಡೆಯಿರಿ

ಒಂದೇ ನಡಿಗೆಗೆ ಸಮಯವಿದ್ದರೆ ಇದನ್ನೇ ಮಾಡಿ. ಬೋಸ್‌ಚಾ ಎಂಬ ಪುಟ್ಟ ಹಾಡಿಯ ಮೂಲಕ ಎರಡು ತಾಸಿನೊಳಗಿನ ದಾರಿ, ಹೆಚ್ಚಾಗಿ ಇಳಿಜಾರು. ಕೊನೆಗೆ ಆರ್ಡೆಟ್ಸ್ ಊರೊಳಗೇ ರೈಲು ನಿಲ್ದಾಣ ಸಿಗುತ್ತದೆ.

ಹಳದಿ ಫಲಕ ಇದ್ದರೆ ಸಾಮಾನ್ಯ ದಾರಿ. ಬಿಳಿ–ಕೆಂಪು–ಬಿಳಿ ಪಟ್ಟಿ ಇದ್ದರೆ ಬೆಟ್ಟದ ದಾರಿ, ಗಟ್ಟಿ ಅಟ್ಟೆಯ ಬೂಟು ಬೇಕು. ಬಿಳಿ–ನೀಲಿ–ಬಿಳಿ ಕಂಡರೆ ಹಿಂದಿರುಗಿ, ಅದು ಪರ್ವತಾರೋಹಣ ಗೊತ್ತಿದ್ದವರಿಗೆ. ಫಲಕದ ಮೇಲಿನ ಸಮಯ ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ. ಬೇಸಿಗೆಯ ಮಧ್ಯಾಹ್ನ ಗುಡುಗು ಮಳೆ ಬರುವುದುಂಟು, ಬೆಳಿಗ್ಗೆಯೇ ಹೊರಡಿ.

ಹುಲ್ಲಿನ ವಿಷಯ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮೊಣಕಾಲೆತ್ತರ ಹೂವಿನ ಹುಲ್ಲು ಕಂಡ ಕೂಡಲೇ ನಡುವೆ ಹೋಗಿ ನಿಂತು ಫೋಟೋ ತೆಗೆಸಿಕೊಳ್ಳುವವರನ್ನು ಬೇಕಾದಷ್ಟು ನೋಡುತ್ತೇವೆ. ಅದು ಕಾಡುಹುಲ್ಲಲ್ಲ, ಚಳಿಗಾಲವಿಡೀ ದನಗಳಿಗೆ ಬೇಕಾದ ಮೇವು. ತುಳಿದ ಹುಲ್ಲು ನೆಲಕ್ಕೆ ಒರಗುತ್ತದೆ, ಕೊಯ್ಲಿಗೆ ಸಿಗುವುದಿಲ್ಲ. ಯಾರಾದರೂ ನಮ್ಮ ಭತ್ತದ ಗದ್ದೆಯಲ್ಲಿ ಹೊರಳಾಡಿದರೆ ನಾವು ಸುಮ್ಮನಿರುತ್ತೇವೆಯೇ? ಕಾಲುದಾರಿ ಬಿಡಬೇಡಿ.

ಜೂನ್‌ನಲ್ಲಿ ದನಗಳು ‘ಆಲ್ಪ್’ಗೆ, ಅಂದರೆ ಮರ ಬೆಳೆಯುವ ಗಡಿಯ ಆಚೀಚಿನ ಬೇಸಿಗೆ ಹುಲ್ಲುಗಾವಲಿಗೆ ಏರುತ್ತವೆ. ಸೆಪ್ಟೆಂಬರಿನಲ್ಲಿ ಇಳಿಯುತ್ತವೆ. ಮೇಲೆ ದನಗಳು ಮೇಯುತ್ತಿರುವಾಗ ಕೆಳಗೆ ರೈತರು ಹುಲ್ಲು ಕೊಯ್ದು ಒಣಗಿಸಿ ಕೂಡಿಡುತ್ತಾರೆ. ಕರು ಜೊತೆಗಿರುವ ಹಸುವಿನಿಂದ ದೂರ ಸುತ್ತಿ ಹೋಗಿ. ಮುದ್ದು ಮಾಡಲು ಹೋದರೆ ಹಾಯುತ್ತದೆ. ಕುರಿಮಂದೆಗೆ ಕಾವಲು ನಾಯಿ ಇದ್ದರೆ ಓಡಬೇಡಿ, ನಿಂತು, ನಿಧಾನ ಬಳಸಿ ಹೋಗಿ. ಬೇಲಿಯ ಗೇಟು ತೆಗೆದವರೇ ಮುಚ್ಚಬೇಕು. ತೆಳು ಬಿಳಿ ಪಟ್ಟಿಯ ಬೇಲಿಯಲ್ಲಿ ವಿದ್ಯುತ್ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

7. ನಾಲ್ಕು ಮಾತು ಕಲಿತುಕೊಳ್ಳಿ

ಇಲ್ಲಿನವರ ಮಾತು ರೊಮಾನ್ಶ್, ಲ್ಯಾಟಿನ್ ಮೂಲದ್ದು. 1938ರ ಫೆಬ್ರವರಿ 20ರ ಜನಮತದಲ್ಲಿ ಇಡೀ ದೇಶ ಭಾರಿ ಬಹುಮತದಿಂದ ಅದನ್ನು ನಾಲ್ಕನೆಯ ರಾಷ್ಟ್ರಭಾಷೆಯಾಗಿ ಒಪ್ಪಿತು. ಬರವಣಿಗೆಯಲ್ಲಿ ಐದು ಬಗೆಗಳಿವೆ; ಕೆಳ ಎಂಗಡೀನಿನದು ‘ವಲ್ಲಾದೆರ್’. ಶಾಲೆಯಲ್ಲಿ ಚಿಕ್ಕ ಮಕ್ಕಳು ಕಲಿಯುವುದು ಅದರಲ್ಲೇ. ಎಲ್ಲ ಬಗೆಗಳಿಗೂ ಹೊಂದುವ ಒಂದು ಲಿಖಿತ ರೂಪವನ್ನು 1982ರಲ್ಲಿ ರೂಪಿಸಿದರೂ, ಅದನ್ನು ಶಾಲೆಗೆ ತರಬೇಕೇ ಎಂಬ ಜಗಳ ಬಹಳ ಕಾಲ ನಡೆಯಿತು. ತುಳು, ಕೊಡವ, ಬ್ಯಾರಿ ಮಾತಾಡುವ ಓದುಗರಿಗೆ ಆ ಜಗಳದ ಒಳಗುದಿ ವಿವರಿಸಿ ಹೇಳಬೇಕಾಗಿಲ್ಲ.

ದಾರಿಯಲ್ಲಿ ಎದುರಾದವರಿಗೆ ‘ಅಲೆಗ್ರಾ’ ಅನ್ನಿ. ಬೆಳಿಗ್ಗೆ ‘ಬುನ್ ದಿ’, ಧನ್ಯವಾದಕ್ಕೆ ‘ಗ್ರಾತ್ಸ್ಚಾ ಫಿಚ್’, ಹೊರಡುವಾಗ ‘ಆ ರೆವಾಯಿರ್’. ಉಚ್ಚಾರ ಹೆಚ್ಚುಕಮ್ಮಿಯಾದರೂ ಚಿಂತೆಯಿಲ್ಲ. ಮುಂದಿನ ಮಾತಿಗೆ ಜರ್ಮನ್ ಎಲ್ಲರಿಗೂ ಬರುತ್ತದೆ, ಹೋಟೆಲುಗಳಲ್ಲಿ ಇಂಗ್ಲಿಷ್ ನಡೆಯುತ್ತದೆ. ಎದುರಾದವರನ್ನು ಮಾತಾಡಿಸದೆ ದಾಟುವುದು ಮಾತ್ರ ಇಲ್ಲಿ ಒರಟುತನ.

8. ಊಟದ ವ್ಯವಸ್ಥೆ

ಸಸ್ಯಾಹಾರಿಗಳು ಧೈರ್ಯವಾಗಿ ಕೇಳಬಹುದಾದದ್ದು ‘ಮಲುನ್ಸ್’: ಬೇಯಿಸಿದ ಆಲೂಗಡ್ಡೆ ತುರಿದು, ಹಿಟ್ಟು ಬೆರೆಸಿ, ಬೆಣ್ಣೆಯಲ್ಲಿ ನಿಧಾನವಾಗಿ ಉದುರುದುರಾಗಿ ಹುರಿದದ್ದು, ಜೊತೆಗೆ ಸೇಬಿನ ಗೊಜ್ಜು, ಚೀಸ್. ಸೊಪ್ಪಿನ ಎಲೆಯಲ್ಲಿ ಸುತ್ತಿದ ‘ಕಪುನ್ಸ್’ ನೋಡಲು ನಮ್ಮ ಪತ್ರೊಡೆಯ ನೆಂಟನಂತಿದ್ದರೂ ಒಳಗೆ ಸಾಮಾನ್ಯವಾಗಿ ಒಣಮಾಂಸದ ಚೂರು ಇರುತ್ತದೆ. ಬಾರ್ಲಿ ಸೂಪಿನಲ್ಲೂ ಅಷ್ಟೇ. ‘ಓನೆ ಫ್ಲೈಶ್’ (ಮಾಂಸ ಬೇಡ), ‘ಓನೆ ಐ’ (ಮೊಟ್ಟೆ ಬೇಡ) ಎಂಬ ಎರಡು ಜರ್ಮನ್ ಮಾತು ಬಾಯಿಪಾಠ ಮಾಡಿಕೊಳ್ಳಿ. ಆಕ್ರೋಟು, ಕ್ಯಾರಮೆಲ್ ತುಂಬಿದ ಎಂಗಡೀನ್ ಕೇಕು ಹೆಸರುವಾಸಿ, ಅದರಲ್ಲಿ ಮೊಟ್ಟೆ ಇರುತ್ತದೆ. ಆಕ್ರೋಟು ಈ ಎತ್ತರದಲ್ಲಿ ಬೆಳೆಯುವುದಿಲ್ಲ. ಹೊರನಾಡಿನ ಮಿಠಾಯಿಗಾರರ ಕೈಗುಣ ಊರಿಗೆ ಮರಳಿದ್ದರ ಗುರುತು ಅದು.

ಸಾಧಾರಣ ಊಟಕ್ಕೂ ತಲೆಗೆ 25 ಫ್ರಾಂಕ್ ಆಸುಪಾಸು ಬೀಳುತ್ತದೆ. ಅಡುಗೆಮನೆ ಇರುವ ವಸತಿ ಹಿಡಿಯುವುದೇ ಜಾಣತನ. ಅಂಗಡಿಗಳು ಸಂಜೆ ಬೇಗ ಮುಚ್ಚುತ್ತವೆ, ಭಾನುವಾರ ಬಹುತೇಕ ತೆರೆಯುವುದಿಲ್ಲ. ಶನಿವಾರವೇ ಸಾಮಾನು ತಂದಿಡಿ. ಮನೆಯಿಂದ ಅವಲಕ್ಕಿ, ಸಾರಿನ ಪುಡಿ, ಚಟ್ನಿಪುಡಿ ಒಯ್ಯಬಹುದು. ತುಪ್ಪ, ಧಾರವಾಡ ಪೇಡ, ಜೇನುತುಪ್ಪ ಬೇಡ: ಭಾರತದಿಂದ ಹಾಲಿನ ಪದಾರ್ಥ ಸೇರಿ ಪ್ರಾಣಿಜನ್ಯ ಆಹಾರ ತರುವುದಕ್ಕೆ ಸ್ವಿಟ್ಜರ್ಲೆಂಡಿನಲ್ಲಿ ನಿಷೇಧವಿದೆ.

9. ಉಳಿದ ದಿನಗಳಿಗೆ: ಉದ್ಯಾನ ಮತ್ತು ಮ್ಯುಸ್ತಾಯಿರ್

ತ್ಸೆರ್ನೆಟ್ಸ್‌ನಲ್ಲಿ ಸ್ವಿಸ್ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರವಿದೆ. 1914ರ ಆಗಸ್ಟ್ 1ರಂದು ಸ್ಥಾಪನೆಯಾದ ಇದು ಆಲ್ಪ್ಸ್‌ನ ಮೊದಲ ರಾಷ್ಟ್ರೀಯ ಉದ್ಯಾನ, ಸುಮಾರು 170 ಚದರ ಕಿಲೋಮೀಟರ್. ಪ್ರವೇಶ ಉಚಿತ, ನಿಯಮ ಮಾತ್ರ ಬಿಗಿ. ಗುರುತಿಸಿದ ದಾರಿ ಬಿಡುವಂತಿಲ್ಲ, ಹೂ–ಕಲ್ಲು ತೆಗೆಯುವಂತಿಲ್ಲ; ನಾಯಿ, ಡ್ರೋನ್, ಬೆಂಕಿ, ಗುಡಾರ ಯಾವುದೂ ಇಲ್ಲ. ಬಿದ್ದ ಮರವನ್ನೂ ಅಲ್ಲೇ ಕೊಳೆಯಲು ಬಿಡುತ್ತಾರೆ. ಅಳಿದುಹೋಗಿದ್ದ ಗಡ್ಡದ ರಣಹದ್ದುಗಳನ್ನು 1991ರಿಂದ ಇಲ್ಲಿ ಮತ್ತೆ ಬಿಟ್ಟರು. ದುರ್ಬೀನು ಇದ್ದರೆ ತನ್ನಿ.

ತ್ಸೆರ್ನೆಟ್ಸ್‌ನಿಂದಲೇ ಹಳದಿ ಬಸ್ಸು ಈ ಉದ್ಯಾನದ ನಡುವೆ ಹಾದು, 2,149 ಮೀಟರ್ ಎತ್ತರದ ಫ್ಯುವೋರ್ನ್ ಘಾಟಿ ದಾಟಿ ಮ್ಯುಸ್ತಾಯಿರ್ ಕಣಿವೆಗೆ ಇಳಿಯುತ್ತದೆ. ಕಣಿವೆಯ ತುದಿಯಲ್ಲಿ ಎಂಟನೆಯ ಶತಮಾನದ ಸೇಂಟ್ ಜಾನ್ ಮಠ. ಕ್ರಿ.ಶ. 800ರ ಆಸುಪಾಸಿನ ಭಿತ್ತಿಚಿತ್ರಗಳು ಅದರ ಚರ್ಚಿನಲ್ಲಿ ಉಳಿದಿವೆ. 1983ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಸನ್ಯಾಸಿನಿಯರು ಈಗಲೂ ಅಲ್ಲಿ ವಾಸವಿದ್ದಾರೆ, ಮೆಲ್ಲಗೆ ಮಾತಾಡಿ. ಗಡಿ ಅಲ್ಲಿಂದ ಕಲ್ಲೆಸೆತದ ದೂರ. ಬಸ್ಸು ಇಟಲಿಯ ಮಾಲ್ಸ್‌ವರೆಗೂ ಹೋಗುತ್ತದೆ. ಪಾಸ್‌ಪೋರ್ಟ್ ಜೊತೆಗಿರಲಿ.

ಬೆಟ್ಟದಲ್ಲಿ ಅವಘಡವಾದರೆ 1414 ಒತ್ತಿ, ರೇಗಾ ಹೆಲಿಕಾಪ್ಟರ್ ರಕ್ಷಣಾ ಸೇವೆ ಸಿಗುತ್ತದೆ. ಆಂಬುಲೆನ್ಸ್‌ಗೆ 144, ಯಾವುದೂ ನೆನಪಾಗದಿದ್ದರೆ 112. ಹೆಲಿಕಾಪ್ಟರ್ ವೆಚ್ಚ ದೊಡ್ಡದು. ಹಾಗಾಗಿ ಪ್ರವಾಸ ವಿಮೆ ಕೊಳ್ಳುವಾಗಲೇ ಬೆಟ್ಟದ ರಕ್ಷಣೆ ಅದರಲ್ಲಿ ಸೇರಿದೆಯೇ ಎಂದು ಪಾಲಿಸಿ ತೆರೆದು ಓದಿ. ಅಡ್ಡ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ತಪ್ಪುವುದುಂಟು. ಹೊರಡುವ ಮುಂಚೆ ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಉಳಿದುಕೊಂಡ ಮನೆಯವರಿಗೆ ಹೇಳಿ ಹೋಗಿ.